ಹೆಸರು ಅಳಿಸಿ ಕರಗಿಸಿದ ಚಿನ್ನ

ಮೂರು ವರ್ಷಗಳ ಹಿಂದೆ ನಾನು ಗಡಿಯ ಜತ್ತ ಕೋರ್ಟಿನಲ್ಲಿ ವಕೀಲಿ ಮುಗಿಸುವ ಹಂತದಲ್ಲಿದ್ದೆ. ಬದುವಿನ ಜಗಳ, ಪಾಲಿನ ದಾವೆ, ಚೆಕ್ ಬೌನ್ಸ್, ಇಷ್ಟರಲ್ಲೇ ಆಯುಷ್ಯ ಕಳೆದವನು ನಾನು. ನನ್ನೂರು ಮುಚ್ಚಂಡಿಯಿಂದ ದಿನಾ ಎಸ್‌ಟಿ ಬಸ್ಸಿಗೆ ಬಂದು, ಮರಾಠಿಯಲ್ಲಿ ಅರ್ಜಿ ಬರೆದು, ಕನ್ನಡದಲ್ಲಿ ಕಕ್ಷಿದಾರರನ್ನು ಬೈದು, ಸಂಜೆ ಮನೆಗೆ ಹೋಗುತ್ತಿದ್ದೆ. ಆರ್ಥಿಕ ನಿರ್ಬಂಧ ಎಂಬ ಮಾತನ್ನು ಪೇಪರಿನಲ್ಲಿ ಓದಿದ್ದೆನೇ ಹೊರತು ಅದು ನಮ್ಮ ತಾಲ್ಲೂಕಿನ ಉಟಗಿಯ ಮನೆಯೊಂದರ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂದುಕೊಂಡಿರಲಿಲ್ಲ.

ಆ ಪ್ರಕರಣ ತಂದವರು ಉಟಗಿಯ ಗುರುಬಸಪ್ಪನವರು. ಗಲಾಯಿ ಕೆಲಸದವರು. ಹಳೆಯ ಚಿನ್ನ ಬೆಳ್ಳಿ ಕರಗಿಸಿ, ಬೆರಕೆ ತೆಗೆದು, ಶುದ್ಧ ಗಟ್ಟಿ ಮಾಡಿಕೊಡುವುದಕ್ಕೆ ನಮ್ಮ ಕಡೆ ಗಲಾಯಿ ಎನ್ನುತ್ತಾರೆ. ಈ ಸೀಮೆಯವರು ಆ ಕೆಲಸ ಹಿಡಿದು ಎಲ್ಲೆಲ್ಲಿಗೋ ಹೋಗಿ ನೆಲೆಸಿದ್ದಾರೆ. ಗುರುಬಸಪ್ಪನವರೂ ಕೊಯಮತ್ತೂರಿನಲ್ಲಿ ಬಹಳ ಕಾಲ ಭಟ್ಟಿ ಇಟ್ಟು, ವಯಸ್ಸಾದ ಮೇಲೆ ಜತ್ತದ ಪೇಟೆಯಲ್ಲಿ ಒಂದು ಸಣ್ಣ ಅಂಗಡಿ ಹಾಕಿದ್ದರು. ತೀರಿಹೋದ ಅಕ್ಕನ ಮಗ ಮಲ್ಲಿಕಾರ್ಜುನನನ್ನು ಸಾಕಿದವರೂ ಕೆಲಸ ಕಲಿಸಿದವರೂ ಅವರೇ. ಮಲ್ಲು ಯುರೋಪಿನ ಒಂದು ದೇಶಕ್ಕೆ ಹೋಗಿ, ಚಿನ್ನ ಶುದ್ಧ ಮಾಡುವ ಕಂಪನಿಯೊಂದರಲ್ಲಿ ಸೇರಿಕೊಂಡಿದ್ದ. ಈಗ ಅಲ್ಲಿಯ ಜೈಲಿನಲ್ಲಿದ್ದ.

ದೇಶದ ಹೆಸರು ಇಲ್ಲಿ ಬೇಡ. ಆದದ್ದು ಇಷ್ಟು. ಇನ್ನೊಂದು ದೇಶದಿಂದ ಚಿನ್ನ ತರಿಸಬಾರದು, ಕೊಳ್ಳಬಾರದು, ಕರಗಿಸಲೂಬಾರದು ಎಂದು ಅಲ್ಲಿಯ ಸರ್ಕಾರ ನಿರ್ಬಂಧ ಹಾಕಿತ್ತು. ಕಂಪನಿಯ ಮಾಲೀಕ ಅದೇ ಚಿನ್ನವನ್ನು ಕಳ್ಳದಾರಿಯಲ್ಲಿ ತರಿಸಿ ಮಲ್ಲುವಿನ ಮುಂದೆ ಇಟ್ಟ. ಗಟ್ಟಿಗಳ ಮೇಲೆ ಅವು ಹುಟ್ಟಿದ ಕಾರ್ಖಾನೆಯ ಹೆಸರು, ದೇಶದ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿತ್ತು. ಮಲ್ಲು ಅರ ಹಿಡಿದು ಆ ಮುದ್ರೆಗಳನ್ನು ಒಂದೊಂದಾಗಿ ಉಜ್ಜಿ ಅಳಿಸಿ ಆಮೇಲೆ ಕರಗಿಸುವ ಮೂಸೆಗೆ ಹಾಕುವುದು ಕ್ಯಾಮೆರಾದಲ್ಲಿ ದಾಖಲಾಗಿತ್ತು. ಪೊಲೀಸರು ಬರುವ ಹೊತ್ತಿಗೆ ಮಾಲೀಕ ಪರಾರಿ. ಸಿಕ್ಕವನು ಇವನೊಬ್ಬನೇ.

ಇಂಥ ಅಪರಾಧಕ್ಕೆ ಕಂಪನಿಗಾದರೆ ದೊಡ್ಡ ದಂಡ, ಮನುಷ್ಯನಿಗಾದರೆ ಜೈಲು. ಆದರೆ ಜೈಲಿಗೆ ಹಾಕಲು ಅದು ಆ ದೇಶದ ಚಿನ್ನ ಎಂದು ಅವನು ಗೊತ್ತಿದ್ದೇ ಮಾಡಿದ ಎಂಬುದು ಸಾಬೀತಾಗಬೇಕು. ಗೊತ್ತಿಲ್ಲದೆ ಮಾಡಿದ್ದರೆ ಅವನನ್ನು ವಾಪಸು ಕಳಿಸುತ್ತಿದ್ದರು, ಅಷ್ಟೇ. ಹೀಗಾಗಿ ಇಡೀ ಕೇಸು ನಿಂತದ್ದು ಒಂದೇ ಪ್ರಶ್ನೆಯ ಮೇಲೆ: ಇವನು ಮುದ್ರೆ ಯಾಕೆ ಅಳಿಸಿದ? ಸಾಕ್ಷ್ಯ ನಾಶ ಮಾಡಲು ಎಂದು ಸರ್ಕಾರಿ ವಕೀಲ ವಾದಿಸಿದ್ದ.

ನಾನು ಗುರುಬಸಪ್ಪನವರನ್ನು ಇದನ್ನೇ ಕೇಳಿದೆ. ಅವರು ನನ್ನನ್ನು ಏನೂ ತಿಳಿಯದವನ ಹಾಗೆ ನೋಡಿದರು.

“ಹೆಸರು ಬೆಂಕಿಗೆ ಹಾಕಬಾರ್ದ್ರಿ ವಕೀಲ್ರ. ಬದುಕಿದ್ದವ್ರ ಹೆಸರು ಸುಟ್ಟ್ರ ಅವ್ರನ್ನ ಸುಟ್ಟಂಗ. ಮದಲ ಅಳಸಬೇಕು, ಆಮ್ಯಾಲ ಮೂಸಿ. ಅವಗ ನಾ ಕಲಿಸಿದ ಮದಲನೇ ಪಾಠ ಅದರಿ.”

ನನಗೆ ಜೀವ ಬಂದಂತಾಯಿತು. ನಮ್ಮ ಕಡೆ ಮದುವೆಯ ಬೆಳ್ಳಿ ತಾಟು, ತೊಟ್ಟಿಲಿಗೆ ಬಂದ ಬಟ್ಟಲು, ಎಲ್ಲದರ ಮೇಲೂ ಹೆಸರು ಕೆತ್ತಿಸುವುದುಂಟು. ಅದನ್ನು ಅಳಿಸದೆ ಇವರು ಕರಗಿಸುವುದಿಲ್ಲ. ಮಲ್ಲು ಚಿನ್ನದ ಗಟ್ಟಿಗೂ ಅದನ್ನೇ ಮಾಡಿದ್ದಾನೆ, ಪುಣ್ಯಾತ್ಮ. ಅಲ್ಲಿಯ ಅವನ ವಕೀಲರಿಗೆ ಬರೆದೆ. ಅವರು ಹಿಗ್ಗಿದರು. ಅಲ್ಲಿಯ ಕೋರ್ಟು ನಮ್ಮ ಸರ್ಕಾರದ ಮೂಲಕ ವಿನಂತಿ ಪತ್ರ ಕಳಿಸಿತು. ಪರದೇಶದ ಕೋರ್ಟಿಗೆ ನಮ್ಮಲ್ಲಿಯ ಸಾಕ್ಷಿ ಬೇಕಾದರೆ ನಡೆಯುವ ಕ್ರಮ ಅದು. ಜತ್ತ ಕೋರ್ಟಿನಲ್ಲಿ ವಿಡಿಯೊ ಮೂಲಕ ಗುರುಬಸಪ್ಪನವರ ಸಾಕ್ಷಿ ಪಡೆಯುವುದು ಎಂದಾಯಿತು.

ಅವತ್ತು ಅವರು ಮಡಿ ಧೋತರ, ರುಮಾಲು, ಹಣೆ ತುಂಬ ವಿಭೂತಿಯಲ್ಲಿ ಬಂದರು. ಏನು ಹೇಳಬೇಕು ಎಂದು ಕೇಳಿದರು. ಸಾಕ್ಷಿಗೆ ಹೇಳಿಕೊಡುವುದು ಕಾನೂನಿಗೆ ವಿರುದ್ಧ. ವೃತ್ತಿಯುದ್ದಕ್ಕೂ ಎಲ್ಲ ಸಾಕ್ಷಿಗಳಿಗೂ ಹೇಳಿದ ಮಾತನ್ನೇ ಅವರಿಗೂ ಹೇಳಿದೆ:

“ಇದ್ದದ್ದು ಇದ್ದಂಗ ಹೇಳ್ರಿ. ಏನೂ ಆಗೂದಿಲ್ಲ.”

ಪರದೆಯ ಮೇಲೆ ಅಲ್ಲಿಯ ನ್ಯಾಯಾಧೀಶರು, ಇಬ್ಬರು ವಕೀಲರು, ಕನ್ನಡ ಬಲ್ಲ ಒಬ್ಬ ದುಭಾಷಿ ಹೆಣ್ಣುಮಗಳು, ಒಂದು ಮೂಲೆಯಲ್ಲಿ ಮಲ್ಲು. ಮಾವನನ್ನು ನೋಡಿ ಅವನು ಕೈ ಮುಗಿದ. ಇವರು ಪರದೆಗೇ ಕೈಯೆತ್ತಿ ಆಶೀರ್ವಾದ ಮಾಡಿದರು. ಮಲ್ಲುವಿನ ವಕೀಲರ ಪ್ರಶ್ನೆಗಳಿಗೆಲ್ಲ ಉತ್ತರ ಚಲೋ ಬಂತು. ಪದ್ಧತಿ ಯಾಕೆ, ಯಾರಿಂದ ಬಂತು, ಬೇರೆಯವರೂ ಪಾಲಿಸುತ್ತಾರೆಯೇ, ಎಲ್ಲ ವಿವರಿಸಿದರು. ಅಲ್ಲಿಯ ನ್ಯಾಯಾಧೀಶರು ತಲೆದೂಗಿದ್ದನ್ನು ನಾನು ನೋಡಿದೆ. ಗೆದ್ದೆವು ಎಂದೇ ಅನ್ನಿಸಿತು.

ಆಮೇಲೆ ಸರ್ಕಾರಿ ವಕೀಲ ಎದ್ದ. ದನಿ ಬಹಳ ಮೆತ್ತಗಿತ್ತು. ಪದ್ಧತಿಯನ್ನು ತಾನು ಗೌರವಿಸುತ್ತೇನೆ ಎಂದ. ಒಂದು ಸಣ್ಣ ವಿಷಯ ತಿಳಿಯಬೇಕು ಎಂದ. ಗಲಾಯಿಯವನು ಹೆಸರನ್ನು ಓದದೆಯೇ ಸುಮ್ಮನೆ ಅಳಿಸಿಬಿಡಬಹುದೆ?

ಗುರುಬಸಪ್ಪನವರು ನೆಟ್ಟಗೆ ಕೂತರು.

“ಓದದ ಹೆಂಗ ಅಳಸ್ತಾರ್ರಿ? ಹೆಸರು ಓದಬೇಕು, ಮನಸಿನ್ಯಾಗ ಒಮ್ಮಿ ಕೈ ಮುಗೀಬೇಕು, ಆಮ್ಯಾಲ ಅರ ಹಚ್ಚಬೇಕು. ಓದದ ಅಳಸೂದು ಕಳ್ಳರ ಕೆಲಸ. ನಮ್ಮ ಮಲ್ಲು ಅಂಥಾಂವಲ್ರಿ.”

ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಸರ್ಕಾರಿ ವಕೀಲ ಥ್ಯಾಂಕ್ಸ್ ಹೇಳಿ ಕೂತುಬಿಟ್ಟ. ಮಲ್ಲು ಕಣ್ಣು ಮುಚ್ಚಿಕೊಂಡಿದ್ದ. ಅವನು ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ, ಗಟ್ಟಿಯ ಮೇಲೆ ಏನಿತ್ತೋ ನಾನು ಓದಿಲ್ಲ, ರೂಢಿಯಂತೆ ಅಳಿಸಿದೆ ಎಂದು ಬರೆಸಿದ್ದನಂತೆ. ಅದು ನನಗೆ ತಿಳಿದದ್ದು ಆ ರಾತ್ರಿ, ಅವನ ವಕೀಲರು ಫೋನ್ ಮಾಡಿದಾಗ.

ಕೋರ್ಟಿನ ಹೊರಗೆ ಬಂದು ರುಮಾಲು ಸರಿಮಾಡಿಕೊಳ್ಳುತ್ತ ಗುರುಬಸಪ್ಪನವರು ಚಲೋ ಆಯಿತಲ್ಲವೇ ಎಂದು ಕೇಳಿದರು. ಆಯಿತು ಅಂದೆ. ಮಲ್ಲು ಓದಿದ್ದ ಅಂದರೆ ಅದು ಎಲ್ಲಿಯ ಚಿನ್ನ ಎಂದು ಗೊತ್ತಿತ್ತು ಎಂದೇ ಅರ್ಥ, ಅದು ನನಗೆ ಆಗಲೇ ತಿಳಿದಿತ್ತು. ಆದರೆ ಎದೆಯಲ್ಲಿ ಏನೂ ಅಲ್ಲಾಡಲಿಲ್ಲ. ಸಿಟ್ಟಿಲ್ಲ, ದುಃಖವಿಲ್ಲ. ಇಬ್ಬರೂ ಚಹಾ ಕುಡಿದೆವು. ಅವರು ಉಟಗಿಯ ಜೀಪು ಹತ್ತಿದರು, ನಾನು ಮುಚ್ಚಂಡಿಯ ಬಸ್ಸು ಹತ್ತಿದೆ.

ಮಲ್ಲುವಿಗೆ ನಾಲ್ಕು ವರ್ಷ ಜೈಲಾಯಿತು. ಪದ್ಧತಿ ನಿಜ ಎಂದು ಕೋರ್ಟು ಒಪ್ಪಿತ್ತು. ನಿಜವಾದ್ದರಿಂದಲೇ ಅವನು ಓದಿರಲೇಬೇಕು ಎಂದು ತೀರ್ಪಿನಲ್ಲಿ ಬರೆದಿತ್ತು. ಅದನ್ನು ನಾನೇ ಹೋಗಿ ಹೇಳಬೇಕಾಯಿತು. ಅಂಗಡಿಯ ಚಾಪೆಯ ಮೇಲೆ ಕೂತು ತೀರ್ಪನ್ನು ಕನ್ನಡ ಮಾಡಿ ಹೇಳಿದೆ. ಎಲ್ಲ ಮುಗಿದ ಮೇಲೆ ಅವರು, ಹಾಗಾದರೆ ಓದಿದ್ದೇ ತಪ್ಪೇ ಎಂದು ಒಮ್ಮೆ ಕೇಳಿದರು. ಅಲ್ಲಿಯ ಕಾನೂನಿಗೆ ಹೌದು ಅಂದೆ.

ಆಮೇಲೂ ಕೆಲವು ತಿಂಗಳು ನಾನು ಕೋರ್ಟಿಗೆ ಹೋದೆ, ಸಾಕ್ಷಿಗಳನ್ನು ನಿಲ್ಲಿಸಿದೆ. ಇದ್ದದ್ದು ಇದ್ದ ಹಾಗೆ ಹೇಳಿ ಎಂದು ಅವರಿಗೆ ಆಗಲೂ ಹೇಳುತ್ತಿದ್ದೆ. ಏನೂ ಆಗುವುದಿಲ್ಲ ಎಂಬ ಮಾತನ್ನು ಮಾತ್ರ ಮತ್ತೆ ಯಾರಿಗೂ ಹೇಳಲಿಲ್ಲ. ಇಷ್ಟು ವರ್ಷದ ವಕೀಲಿ ನನಗೆ ಕಲಿಸಿದ್ದು ಅಷ್ಟೇ.

ತೀರ್ಪು ಹೇಳಿದ ಆ ದಿನ ನಾನಿನ್ನೂ ಅಂಗಡಿಯಲ್ಲೇ ಇದ್ದೆ. ತಿಕೋಂಡಿಯ ಕುರಿಗಾರನೊಬ್ಬ ಬಂದು ಒಂದು ಬೆಳ್ಳಿ ಬಟ್ಟಲು ಇಟ್ಟ. ಅಂಚಿನ ಕೆಳಗೆ ಹೆಸರು ಕೆತ್ತಿತ್ತು. ಗುರುಬಸಪ್ಪನವರ ಕೈ ರೂಢಿಯಂತೆ ಅರದ ಕಡೆಗೆ ಹೋಗಿ ಅರ್ಧಕ್ಕೇ ನಿಂತಿತು. ಮುಖವನ್ನು ಗೋಡೆಯ ಕಡೆ ತಿರುಗಿಸಿ, ತಡಕಾಡಿ ಸುತ್ತಿಗೆ ಹಿಡಿದು, ಬಟ್ಟಲನ್ನು ಬಡಿದು ಮಡಚಿದರು. ಹೆಸರು ಇದ್ದ ಹಾಗೆಯೇ ಅದನ್ನು ಇಕ್ಕಳದಿಂದ ಎತ್ತಿ ಮೂಸೆಗೆ ಹಾಕಿದರು. ಕುರಿಗಾರನಿಗೆ ಏನೂ ತಿಳಿಯಲಿಲ್ಲ. ಅವರು ಇನ್ನೂ ಗೋಡೆಯ ಕಡೆಗೇ ನೋಡುತ್ತಿದ್ದರು.

“ನಾ ಓದಿಲ್ರಿ ವಕೀಲ್ರ,” ಅಂದರು. “ನೀವ ಸಾಕ್ಷಿ.”