ಚೀಟಿಯಕ್ಕನ ಕೊನೆಯ ಸಾಲು

ಭಾನುವಾರ, ಬೆಳಗಿನ ಐದೂವರೆ. ಚರ್ಚಿನ ಹಿಂದಿನ ಕೋಣೆಯಲ್ಲಿ ಚೀಟಿಯಕ್ಕ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದಾರೆ. ಪಕ್ಕದಲ್ಲಿ ಮೂವತ್ತೊಂದು ಚೀಟಿಗಳಿವೆ. ಮಗಳ ಹೆರಿಗೆ, ಗಂಡನ ಕುಡಿತ, ಕಣ್ಣಿನ ಆಪರೇಷನ್, ಸಿಗದ ಕೆಲಸ. ಜನ ವಾರವಿಡೀ ಬಾಗಿಲ ಬಳಿಯ ಪ್ರಾರ್ಥನೆ ಪೆಟ್ಟಿಗೆಗೆ ಹಾಕಿದ ಇವನ್ನೆಲ್ಲ ಒಂದೇ ಹಾಳೆಗೆ ದಪ್ಪ ಅಕ್ಷರದಲ್ಲಿ ಇಳಿಸಬೇಕು. ಸಭಾಪಾಲಕರಿಗೆ ಕಣ್ಣು ಮಂದ. ಒಂಬತ್ತರ ಆರಾಧನೆಯಲ್ಲಿ ಅವರು ಒಂದೊಂದನ್ನೇ ಓದುತ್ತಾರೆ, ಸಭೆ ಆಮೆನ್ ಎನ್ನುತ್ತದೆ. ಪೆಟ್ಟಿಗೆಗೆ ಬಿದ್ದ ಚೀಟಿ ಯಾರದ್ದೇ ಆಗಿರಲಿ, ಓದಲೇಬೇಕು. ಇದು ಇಲ್ಲಿನ ಹಳೆಯ ನಿಯಮ.

ಮೂವತ್ತೊಂದೂ ಮುಗಿದಿವೆ. ಕೆಳಗೆ ಒಂದು ಸಾಲು ಖಾಲಿ ಇದೆ. ಪೆನ್ನು ಅಲ್ಲೇ ನಿಂತಿದೆ.

"ಬರೀಬೇಡ ಕಣೇ," ಬಸ್ ಡಿಪೋದಲ್ಲಿ ಬಸ್ಸು ತೊಳೆಯುವ ಗಂಡ ಬೂಟು ಹಾಕಿಕೊಳ್ಳುತ್ತಾ ಹೇಳುತ್ತಾರೆ. "ಊರಿಗೆ ಬುದ್ಧಿ ಹೇಳೋಕೆ ದೇವರಿಗೆ ಬೇರೆ ಯಾರೂ ಸಿಗಲಿಲ್ವಾ? ಪೊರಕೆ ಹಿಡಿದೋಳೇ ಬೇಕಿತ್ತಾ?"

"ಪೊರಕೆ ಹಿಡಿದೋಳಿಗೇ ಕಸ ಕಾಣೋದು. ಸುಮ್ನೆ ಹೊರಡಿ."

ಅವರು ಹೊರಡುವುದಿಲ್ಲ. ಬಾಗಿಲಲ್ಲೇ ಕೂರುತ್ತಾರೆ.

ಚೀಟಿಯಕ್ಕ ಓದಿದ್ದು ಏಳನೇ ತರಗತಿ. ಹತ್ತೊಂಬತ್ತು ವರ್ಷಗಳಿಂದ ಇಲ್ಲಿ ನಲವತ್ತು ಬೆಂಚು ಒರೆಸುತ್ತಾರೆ, ದಿನಕ್ಕೆ ಮೂರು ಸಲ ಗಂಟೆ ಹೊಡೆಯುತ್ತಾರೆ. ಆ ಕೆಲಸಕ್ಕೆ ಪ್ರತಿಯಾಗಿ ವಾಸಕ್ಕೆ ಈ ಕೋಣೆ. ಕೊನೆಯ ಸಾಲು ಮಾತ್ರ ಅವರ ಸ್ವಂತದ್ದು. ಅದಕ್ಕೆ ಚೀಟಿ ಇರುವುದಿಲ್ಲ. ಬೆಳಗಿನ ಪೇಪರ್ ಓದಿ ಅವರೇ ಬರೆಯುತ್ತಾರೆ. ಭೂಕಂಪದಲ್ಲಿ ಸಿಕ್ಕಿಕೊಂಡವರು, ಮುಳುಗಿದ ಹಡಗಿನವರು. "ಮಂತ್ರಿ ಜೈಲಿಗೆ ಹೋದಾಗ ಅವನಿಗೂ ಬರೆದಿದ್ದೆ. ನಗ್ತಾ ನಗ್ತಾ ಆಮೆನ್ ಅಂದ್ರು. ಆಗ ಯಾಕೆ ಅಂತ ಯಾರೂ ಕೇಳಲಿಲ್ಲ."

ಈಗ ಕೇಳುತ್ತಿದ್ದಾರೆ. ಗಡಿಯಲ್ಲಿ ಯುದ್ಧ ಶುರುವಾಗಿ ಹದಿನೇಳು ದಿನ. ಹೋದ ಭಾನುವಾರ ಅವರು ಬರೆದದ್ದು ಹೀಗೆ: 'ಆ ಕಡೆಯ ಸೈನಿಕರಿಗಾಗಿ, ಅವರ ತಾಯಂದಿರಿಗಾಗಿ.' ಸಭಾಪಾಲಕರು ಎಂದಿನಂತೆ ಓದಿದರು. ಸಭೆಯೂ ಎಂದಿನಂತೆ ಆಮೆನ್ ಎಂದಿತು. ಹೇಳಿದ್ದೇನೆಂದು ಹೊಳೆದದ್ದು ಆಮೇಲೆ. ಬೆಂಚುಗಳು ಕಿರುಗುಟ್ಟಿದವು. ಹನ್ನೆರಡು ಮನೆಯವರು ಎದ್ದು ಹೋದರು. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದವರು ಚರ್ಚಿನ ಕಾರ್ಯದರ್ಶಿ. ಅವರ ಒಬ್ಬನೇ ಮಗ ಗಡಿಯಲ್ಲಿದ್ದಾನೆ.

ಅಂದೇ ಅವರು ಈ ಕೋಣೆಗೆ ಬಂದರು. "ಪೆಟ್ಟಿಗೆಗೆ ಬೀಳದ ಚೀಟೀನ ಪಟ್ಟಿಗೆ ಸೇರಿಸೋ ಅಧಿಕಾರ ನಿಮಗೆ ಯಾರಮ್ಮ ಕೊಟ್ಟಿದ್ದು? ನನ್ನ ಬಾಯಲ್ಲೇ ಅನ್ನಿಸಿದ್ರಲ್ಲ! ಇನ್ನೊಂದು ಸಲ ಹೀಗಾದ್ರೆ ಕೀಲಿ ಕೊಟ್ಟು ಹೊರಡಿ."

ಯುದ್ಧ ಶುರುವಾದಾಗಿನಿಂದ ಪ್ರತಿ ಭಾನುವಾರ ಆ ಮಗನ ಹೆಸರು ಪಟ್ಟಿಯ ಮೊದಲ ಸಾಲಿನಲ್ಲಿದೆ. ಇವತ್ತೂ ಇದೆ.

"ವೈರಿಗೋಸ್ಕರ ಪ್ರಾರ್ಥನೆ ಮಾಡಿ ಅಂತ ಬೈಬಲ್‌ನಲ್ಲಿದೆ. ಯುದ್ಧ ಮುಗಿದ ಮೇಲೆ ಮಾಡಿ ಅಂತ ಇಲ್ವಲ್ಲ," ಎನ್ನುತ್ತಾರೆ ಚೀಟಿಯಕ್ಕ. ಸಂತರಂತೆ ಮಾತಾಡುವ ಹೆಂಗಸಲ್ಲ. "ನನಗೇನು ಅವರ ಮೇಲೆ ಪ್ರೀತಿ ಉಕ್ಕಿ ಬರಲ್ಲ. ಸತ್ತ ನಮ್ಮ ಹುಡುಗರ ಫೋಟೋ ನೋಡಿ ಶಾಪ ಹಾಕಿದ್ದೀನಿ. ಅದಕ್ಕೇ ಬರೆಯೋದು. ಮನಸ್ಸು ಕೇಳದಿದ್ರೆ ಕೈಯಾದ್ರೂ ಹೇಳಿದ ಮಾತು ಕೇಳಲಿ."

ಬರೆಯುತ್ತಾರೆ. ಅದೇ ಸಾಲು. ಗಂಡ ಎದ್ದು ಅಟ್ಟದಿಂದ ಟ್ರಂಕು ಇಳಿಸಿಟ್ಟು ಡಿಪೋಗೆ ನಡೆಯುತ್ತಾರೆ.

ಒಂಬತ್ತಕ್ಕೆ ಬೆಂಚುಗಳು ತುಂಬಿವೆ. ಎದ್ದು ಹೋದವರೂ ಬಂದಿದ್ದಾರೆ, ಏನಾಗುತ್ತದೆ ನೋಡಲು. ಚೀಟಿಯಕ್ಕ ಹಿಂದೆ ಗಂಟೆಯ ಹಗ್ಗದ ಬಳಿ ನಿಂತಿದ್ದಾರೆ. ಮೂವತ್ತೊಂದನೇ ಆಮೆನ್ ಮುಗಿಯುತ್ತದೆ. ಸಭಾಪಾಲಕರು ಹಾಳೆಯನ್ನು ಕಣ್ಣಿನ ಹತ್ತಿರ ತರುತ್ತಾರೆ, ಕಾರ್ಯದರ್ಶಿಯ ಕಡೆ ನೋಡುತ್ತಾರೆ. ಓದುತ್ತಾರೆ.

ಯಾರೂ ಆಮೆನ್ ಎನ್ನುವುದಿಲ್ಲ. ಯಾರೋ ಕೆಮ್ಮುತ್ತಾರೆ. ಹಿಂದಿನಿಂದ ಒಂದೇ ಒಂದು ಆಮೆನ್ ಬರುತ್ತದೆ. ಚೀಟಿಯಕ್ಕನದು.

ಆರಾಧನೆ ಮುಗಿದ ಕೂಡಲೇ ಕಾರ್ಯದರ್ಶಿ ಬಂದು ಕೈ ಚಾಚುತ್ತಾರೆ. ಚೀಟಿಯಕ್ಕ ಕೀಲಿಗೊಂಚಲು ಕೊಡುತ್ತಾರೆ. ಅವರು ಗೊಂಚಲಿನಿಂದ ಒಂದು ಚಿಕ್ಕ ಕೀಲಿ ಬಿಚ್ಚಿ ಜೇಬಿಗೆ ಹಾಕಿಕೊಂಡು ಉಳಿದದ್ದನ್ನು ಹಿಂದಿರುಗಿಸುತ್ತಾರೆ.

"ಪೆಟ್ಟಿಗೆ ಇನ್ನು ನಾನೇ ತೆಗೀತೀನಿ. ಪಟ್ಟೀನೂ ನಾನೇ ಬರೀತೀನಿ. ನೀವು ಕಸ ಗುಡಿಸಿ, ಸಾಕು." ಒಂದು ಹೆಜ್ಜೆ ಹೋಗಿ ತಿರುಗುತ್ತಾರೆ. "ಮಗನ ಫೋನ್ ಬಂದು ಐದು ದಿನ ಆಯ್ತು ಕಣಮ್ಮ."

ಚೀಟಿಯಕ್ಕ ತಲೆ ಆಡಿಸುತ್ತಾರೆ. ಕೋಣೆಗೆ ಬಂದು ಮೊದಲು ಟ್ರಂಕನ್ನು ಅಟ್ಟಕ್ಕೆ ಏರಿಸುತ್ತಾರೆ. ಆಮೇಲೆ ಪೇಪರ್‌ನ ಅಂಚು ಹರಿದು ಎರಡು ಚೀಟಿ ಮಾಡುತ್ತಾರೆ. ಒಂದು ಆ ಮಗನಿಗೆ. ಇನ್ನೊಂದು ಯಾರಿಗೆಂದು ಕೇಳಬೇಕಿಲ್ಲ.

"ಕೀಲಿ ಅವರ ಹತ್ರಾನೇ ಇರಲಿ ಬಿಡಿ," ಎನ್ನುತ್ತಾರೆ, ಡಿಪೋದಿಂದ ಬಂದ ಗಂಡನಿಗೆ. "ಚೀಟಿ ಹಾಕೋಕೆ ಕೀಲಿ ಬೇಡವಲ್ಲ."