ತಾಜಾ ತತ್ತಿ

ಬಸವಕಲ್ಯಾಣದ ನಮ್ಮ ಮನೆಯೊಳಗೆ ಇವತ್ತಿಗೂ ಮೊಟ್ಟೆ ಬಂದಿಲ್ಲ. ಹೀಗಿದ್ದೂ ಹುಮನಾಬಾದ್ ಹತ್ತಿರದ ಹಳ್ಳಿಯಲ್ಲಿ ನಾನು ಕಲಿಸುವ ಸರಕಾರಿ ಶಾಲೆಯ ಮಕ್ಕಳಿಗೆ ಮೊಟ್ಟೆ ತರಿಸಿ, ಬೇಯಿಸಿ ಕೊಡಿಸುವ ಜವಾಬ್ದಾರಿ ನನ್ನ ಕೊರಳಿಗೇ ಬಿತ್ತು. ಉಳಿದ ಶಿಕ್ಷಕರಿಬ್ಬರೂ ಮೊದಲೇ ಜಾರಿಕೊಂಡಿದ್ದರು. ತಿನ್ನದಿದ್ದರೇನು, ತರಿಸಲು ಬಾರದೇ ಎಂದುಕೊಂಡೆ.

ತರಿಸುವ ವಿಷಯದಲ್ಲಿ ನನಗೆ ಸ್ವಲ್ಪ ಹಮ್ಮೂ ಇತ್ತು. ಹಾಲು, ಸೊಪ್ಪು ಎಲ್ಲವನ್ನೂ ಅವತ್ತಿನದು ಅವತ್ತೇ ಕೊಳ್ಳುವ ಮನೆಯಲ್ಲಿ ಬೆಳೆದವಳು ನಾನು. ಬಜಾರಿನ ಅಂಗಡಿಯಲ್ಲಿ ಎಷ್ಟೋ ದಿನದಿಂದ ಕೂತ ಮೊಟ್ಟೆ ಬೇಡವೆಂದು ಹುಡಗಿ ಎಂಬ ಊರಿನ ಕಡೆಯ ಒಂದು ಕೋಳಿ ಫಾರ್ಮಿಗೆ ಹೇಳಿಟ್ಟೆ. ಬೆಳಗಿನ ಮೊಟ್ಟೆ ಬೆಳಗ್ಗೆಯೇ ಆಟೋದಲ್ಲಿ ಬರುತ್ತಿತ್ತು. ಕೆಲವು ಇನ್ನೂ ಬೆಚ್ಚಗಿವೆ ಎಂದು ಆಟೋದವನು ಹೇಳುತ್ತಿದ್ದ.

ಅಡುಗೆ ಮಾಡುವವಳು ಆ ಹಳ್ಳಿಯವಳೇ, ಗಂಡನಿಲ್ಲದವಳು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಮೊದಲ ವಾರವೇ ಟ್ರೇ ನೋಡಿ ಹೇಳಿದಳು.

“ಮೇಡಂ, ಇವತ್ತ ಇಟ್ಟ ತತ್ತಿ ಇವತ್ತ ಕುದಿಸಬಾರದ್ರಿ. ಸಿಪ್ಪಿ ಬಿಡಂಗಿಲ್ಲ. ನಾಕೈದ ದಿನ ಆಗಿದ್ದು ತರಸ್ರಿ.”

ಹಳೆಯದನ್ನು ಮಕ್ಕಳಿಗೆ ತಿನ್ನಿಸು ಎನ್ನುತ್ತಾಳಲ್ಲ ಎಂದು ಸಿಟ್ಟು ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಅಂತ ಅವಳ ಎದುರಿಗೇ ಆಡಿಬಿಟ್ಟೆ. ತಿಂಗಳ ನಂತರ ಮತ್ತೊಮ್ಮೆ ಹೇಳಿದಳು, ಮತ್ತೊಮ್ಮೆ ಅನ್ನಿಸಿಕೊಂಡಳು. ಆಮೇಲೆ ಹೇಳಲಿಲ್ಲ. ಕುದಿಯುವ ನೀರಿಗೇ ಮೊಟ್ಟೆ ಇಳಿಬಿಡುವುದು, ತೆಗೆದ ಕೂಡಲೇ ಮಡಕೆಯ ತಣ್ಣೀರಿಗೆ ಹಾಕುವುದು, ಅಗಲ ತುದಿಯಿಂದ ಬಿಡಿಸುವುದು, ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ಆದರೂ ಸಿಪ್ಪೆಯ ಜೊತೆ ಬಿಳಿಯ ಭಾಗವೂ ಕಿತ್ತು ಬರುತ್ತಿತ್ತು. ಮಕ್ಕಳ ತಟ್ಟೆಗೆ ಬೀಳುತ್ತಿದ್ದದ್ದು ಇಲಿ ಕಡಿದಂಥ ಮೊಟ್ಟೆ.

ಮಕ್ಕಳು ಮನೆಗೆ ಹೋಗಿ, ಅರ್ಧ ತತ್ತಿಯಷ್ಟೇ ಕೊಡುತ್ತಾರೆ ಎಂದರು. ಊರಿನಲ್ಲಿ ಮಾತು ಬೆಳೆಯಿತು. ಬಾಗಿಲು ಮುಂದಕ್ಕೆ ಮಾಡಿಕೊಂಡು ಸುಲಿಯುತ್ತಾಳೆ, ಉಳಿದರ್ಧ ಸೆರಗಿಗೆ ಕಟ್ಟಿಕೊಂಡು ಮನೆಗೆ ಒಯ್ಯುತ್ತಾಳೆ ಎಂದರು. ಬಾಗಿಲು ಮುಂದಕ್ಕೆ ಮಾಡುತ್ತಿದ್ದದ್ದು ನಾಯಿಗಳ ಕಾಟಕ್ಕೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಮಧ್ಯಾಹ್ನ ಅವಳ ಚೀಲದೊಳಗೆ ಇಣುಕಿದೆ. ಊಟದ ಖಾಲಿ ಡಬ್ಬಿಯಷ್ಟೇ ಇತ್ತು. ನಾನು ಇಣುಕಿದ್ದನ್ನು ಅವಳು ನೋಡಿದಳು.

ಶಾಲಾ ಸಮಿತಿ ಸೇರಿತು. ಅವಳನ್ನು ಬಿಡಿಸಿ ಬೇರೆಯವಳನ್ನು ಇಡೋಣ ಎಂದರು ಅಧ್ಯಕ್ಷರು. ನಾನು ಬಾಯಿ ಬಿಡಲಿಲ್ಲ. ನಿನಗೇನಾದರೂ ಹೇಳುವುದಿದೆಯೇ ಎಂದು ಅವಳನ್ನು ಕೇಳಿದಾಗ, ಅವಳು ಒಳಗೆ ಹೋಗಿ ಅವತ್ತು ಬೇಯಿಸಿದ ಒಂದು ಮೊಟ್ಟೆ ತಂದು ನನ್ನ ಮುಂದೆ ಇಟ್ಟಳು.

“ಇದೊಂದ ನೀವ ಸುಲೀರಿ ಮೇಡಂ.”

ಅಲ್ಲಿಯವರೆಗೆ ನಾನು ಹಿಡಿದದ್ದು ಟ್ರೇ ಮಾತ್ರ, ಮೊಟ್ಟೆಯನ್ನು ಮುಟ್ಟಿರಲಿಲ್ಲ. ಎಲ್ಲರೂ ನೋಡುತ್ತಿದ್ದರು. ಬೆಂಚಿಗೆ ಮೆಲ್ಲಗೆ ಬಡಿದೆ, ಸಾವಕಾಶವಾಗಿ ಉಗುರಿನ ತುದಿಯಿಂದ ಬಿಡಿಸುತ್ತ ಹೋದೆ. ಒಳಗಿನ ಹಳದಿ ಕಾಣುವಷ್ಟು ಬಿಳಿಯ ಭಾಗ ಕಿತ್ತು ಬಂತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅವಳು ಎರಡು ಸಲ ಹೇಳಿದ್ದಳು, ತಾಜಾ ಮೊಟ್ಟೆಯೇ ಬೇಕೆಂದು ಹಟ ಹಿಡಿದವಳು ನಾನು ಎಂದು ಕೊನೆಗೂ ಹೇಳಿದೆ. ತಿನ್ನದವರ ಕೈಗೆ ಕೊಟ್ಟರೆ ಹೀಗೇ ಎಂದು ಅಧ್ಯಕ್ಷರು ನಕ್ಕರು. ಉಳಿದವರೂ ನಕ್ಕರು, ಚಹಾ ಬಂತು. ಅವಳ ಕೆಲಸ ಉಳಿಯಿತು. ಅವಳು ನಗಲಿಲ್ಲ.

ಈಗ ಮೊಟ್ಟೆ ನಾಲ್ಕೈದು ದಿನ ಮೊದಲೇ ಬಂದು ತಂಪಾದ ಮೂಲೆಯಲ್ಲಿ ಕೂಡುತ್ತದೆ. ಎರಡೇ ಏಟಿಗೆ ಸಿಪ್ಪೆ ಪೂರಾ ಬಿಡುತ್ತದೆ. ಅವಳು ಮಾತ್ರ ಅಡುಗೆಮನೆಯಲ್ಲಿ ಸುಲಿಯುವುದಿಲ್ಲ. ಅಂಗಳದ ಕಟ್ಟೆಯ ಮೇಲೆ, ನಾಯಿ ಓಡಿಸಲು ಪಕ್ಕದಲ್ಲೊಂದು ಕೋಲು ಇಟ್ಟುಕೊಂಡು ಕೂಡುತ್ತಾಳೆ. ಬೇಸಿಗೆ ಹತ್ತಿರ ಬಂದಾಗ ನೋಡಲಾರದೆ, ಒಳಗೆ ಬಂದು ನೆರಳಲ್ಲಿ ಕೂತುಕೋ ಅಕ್ಕ ಎಂದೆ. ಅವಳು ಕೈಯ ಕೆಲಸ ನಿಲ್ಲಿಸಲಿಲ್ಲ.

“ಇಲ್ಲೇ ಇರ್ತೀನ್ರಿ ಮೇಡಂ. ಎಲ್ಲಾರಿಗೂ ಕಾಣ್ತದ.”