ತೊಟ್ಟಿಲದಾಗ ಕುಂತ ಸಾಹೇಬರು

ನಿಜಾಮರ ಕಾಲದಾಗ ನಾ ಕಲಬುರಗಿ ಕಚೇರಿಯ ಮೋಟಾರ್ ಸೈಕಲ್ ಹೊಡಿತಿದ್ದೆ. ಅದರ ಬಾಜೂಕ ತೊಟ್ಟಿಲದಂಥ ಸೈಡ್‌ಕಾರ್ ಇತ್ತು. ಅದರಾಗ ತಹಸೀಲ್ದಾರ್ ಸಾಹೇಬರು ಕೂಡ್ತಿದ್ರು.

ಮೊದಲನೇ ಸಲ ಕಮಲಾಪುರಕ್ಕ ಹೋದಾಗ ಊರಗೌಡ್ರು ಹಾರ ಹಿಡಕೊಂಡು ನಿಂತಿದ್ರು. ಸೀದಾ ಬಂದು ನನ್ನ ಕೊರಳಿಗೆ ಹಾಕಿದ್ರು. ಹಳ್ಳ್ಯಾಗ ಎತ್ತರಕ್ಕ ಕುಂತಾವನೇ ದೊಡ್ಡಾವ.

"ಗೌಡ್ರ, ಸಾಹೇಬರು ಇವರ್ರೀ," ಅಂದೆ.

ಮೈತುಂಬ ಧೂಳು ಮೆತ್ತಿಕೊಂಡು, ಮೊಳಕಾಲು ಎದಿಗೆ ಹಚ್ಚಿ ಕುಂತಿದ್ದ ಸಾಹೇಬರನ್ನ ಗೌಡ್ರು ಬಗ್ಗಿ ನೋಡಿದ್ರು. "ಪಾಪ, ಕಾಲಿಗೆ ಏನಾಗ್ಯದ್ರೀ ಇವರಿಗೆ?"

ನನ್ನ ನೌಕರಿ ಹೋಯ್ತು ಅನಕೊಂಡೆ. ಸಾಹೇಬರು ತಿರುಗಿ ಬರುವಾಗ ನನ್ನ ತೊಟ್ಟಿಲದಾಗ ಕೂಡಿಸಿ, ತಾವೇ ಮ್ಯಾಲ ಕುಂತು ಗಾಡಿ ಹೊಡದ್ರು.

ಕಚೇರಿ ಬಾಗಿಲದಾಗ ಹೊಸ ಜವಾನ ಓಡಿ ಬಂದು ನನಗ ಸಲಾಮ್ ಹೊಡದ. ಪ್ಯಾಟ್ಯಾಗ ಸುಮ್ಮನ ಕುಂತಾವನೇ ದೊಡ್ಡಾವ. ಆಮ್ಯಾಲ ಸಾಹೇಬರ ಕಡೆ ತಿರುಗಿ, "ಏ ಡ್ರೈವರ್, ಗಾಡಿ ಆಕಡಿ ಹಚ್ಚು," ಅಂದ.

ಮರುದಿನದಿಂದ ಸಾಹೇಬರು ಟಾಂಗಾ ಹತ್ತಿದ್ರು. ನಾ ಕಮಲಾಪುರದಿಂದ ಬರುವಾಗ ತೊಟ್ಟಿಲದಾಗ ಒಂದು ಕೆಂಪು ಬಾಳೆಗೊನಿ ಕೂಡಿಸ್ಕೊಂಡು ಬರ್ತಿದ್ದೆ. ಆ ಜವಾನ ಅದಕ್ಕೂ ಎದ್ದು ನಿಲ್ತಿದ್ದ.